ಉಯಿಲು: ಬರೆದವರು ಇಲ್ಲದ ದಿನ ನಿಲ್ಲಬೇಕಾದ ಪತ್ರ

(ದಾವಣಗೆರೆಯಲ್ಲಿ ಹಿರಿಯ ನಾಗರಿಕರು ಮತ್ತು ಅವರ ಕುಟುಂಬದವರಿಗಾಗಿ ಏರ್ಪಡಿಸಿದ್ದ ಕಾನೂನು ಅರಿವು ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ ಮತ್ತು ಮಿತ್ರರಿಗೆ ನಮಸ್ಕಾರ.

ಆಸ್ತಿಯನ್ನು ಮುಂದಿನವರಿಗೆ ದಾಟಿಸುವ ವಿಷಯದಲ್ಲಿ ನಮ್ಮ ಕಡೆ ಎರಡು ಬಗೆಯ ಮನೆಗಳನ್ನು ಕಾಣುತ್ತೇವೆ. ಉಯಿಲಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುವ ಮನೆ ಒಂದು; ಉಯಿಲು ಬರೆದು ಬೀರುವಿನಲ್ಲಿಟ್ಟು, ಇನ್ನು ಯಾವ ಚಿಂತೆಯೂ ಇಲ್ಲವೆಂದು ನೆಮ್ಮದಿಯಿಂದಿರುವ ಮನೆ ಇನ್ನೊಂದು. ಸಿವಿಲ್ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ನನಗೆ ಈ ಎರಡನೆಯ ಮನೆಯ ಬಗ್ಗೆಯೇ ಹೆಚ್ಚು ಕಳವಳ. ಉಯಿಲೇ ಇಲ್ಲದಿದ್ದರೆ ಯಾರಿಗೆ ಎಷ್ಟು ಎಂಬುದನ್ನು ಕಾನೂನು ಹೇಳುತ್ತದೆ. ಅರೆಬರೆಯಾಗಿ ಬರೆದ ಉಯಿಲು ಮಾತ್ರ ಒಬ್ಬರಲ್ಲಿ ಆಸೆ ಹುಟ್ಟಿಸಿ, ಇನ್ನೊಬ್ಬರಲ್ಲಿ ಅನುಮಾನ ಹುಟ್ಟಿಸಿ, ಅಣ್ಣತಮ್ಮಂದಿರನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸುತ್ತದೆ.

ಕ್ರಯಪತ್ರವೋ ವಿಭಾಗಪತ್ರವೋ ವಿವಾದಕ್ಕೆ ಬಂದರೆ, ಬರೆದುಕೊಟ್ಟವರು ಬದುಕಿದ್ದರೆ ಸಾಕ್ಷಿಕಟ್ಟೆ ಹತ್ತಿ ನಡೆದದ್ದನ್ನು ಹೇಳಬಹುದು. ಉಯಿಲು ಜಾರಿಗೆ ಬರುವುದೇ ಬರೆದವರು ತೀರಿಕೊಂಡ ಮೇಲೆ. ‘ಇದು ನನ್ನ ಸಹಿ, ಬುದ್ಧಿ ಸ್ಥಿಮಿತದಲ್ಲಿದ್ದಾಗ, ಯಾರ ಒತ್ತಾಯವೂ ಇಲ್ಲದೆ ಹಾಕಿದ್ದು’ ಎಂದು ಹೇಳಬೇಕಾದ ಒಬ್ಬರೇ ವ್ಯಕ್ತಿ ಆ ದಿನ ಇರುವುದಿಲ್ಲ. ಆದ್ದರಿಂದ ಉಯಿಲು ಬರೆಯುವವರು ಆಸ್ತಿ ಹಂಚುವುದರ ಜೊತೆಗೆ, ತಾವಿಲ್ಲದ ಕಾಲಕ್ಕೆ ಬೇಕಾದ ಪುರಾವೆಯನ್ನೂ ಇಂದೇ ಸಿದ್ಧಪಡಿಸಬೇಕಾಗುತ್ತದೆ. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮೊದಲು, ಉಯಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಚುಟುಕಾಗಿ ನೋಡೋಣ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಪುರುಷನೊಬ್ಬ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರಿಗೆ ಸಮನಾಗಿ ಹೋಗುತ್ತದೆ. ತಾಯಿಗೂ ಪಾಲುಂಟು ಎಂಬುದು ಅನೇಕರಿಗೆ ತಿಳಿದಿಲ್ಲ. ತಂದೆ ಈ ಮೊದಲ ವರ್ಗದ ವಾರಸುದಾರರಲ್ಲಿ ಬರುವುದಿಲ್ಲ ಎಂಬುದೂ ತಿಳಿದಿಲ್ಲ. ಮೂವತ್ತು ಅಡಿ ಅಗಲದ ನಿವೇಶನದಲ್ಲಿ ಕಟ್ಟಿದ, ಕೆಳಗೆ ಅಂಗಡಿ, ಮೇಲೆ ವಾಸದ ಮನೆಯಿರುವ ಒಂದೇ ಕಟ್ಟಡಕ್ಕೆ ಹೀಗೆ ನಾಲ್ಕೈದು ಮಂದಿ ಹಕ್ಕುದಾರರಾದಾಗ ಅವರಲ್ಲಿ ಯಾರೊಬ್ಬರಾದರೂ ವಿಭಾಗ ದಾವೆ ಹೂಡಬಹುದು. ಗೋಡೆ ಎಳೆದು ಭಾಗ ಮಾಡಲು ಬಾರದ ಆಸ್ತಿಯನ್ನು ನ್ಯಾಯಾಲಯ ಮಾರಾಟ ಮಾಡಿಸಿ ಹಣ ಹಂಚಬೇಕಾಗುತ್ತದೆ. ಹೊಲ ತೋಟಗಳ ಕಥೆ ಬೇರೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಉಳುವವನು ಮೊಮ್ಮಗ, ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು, ಆಗದ ಕಾರಣಕ್ಕೆ ಬೆಳೆ ಸಾಲ ಸಿಗುವುದಿಲ್ಲ, ಬೆಳೆ ವಿಮೆ ಸಿಗುವುದಿಲ್ಲ.

ಇನ್ನು ಉಯಿಲಿನ ವಿಷಯ. ಕಾಗದ ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಇದರಲ್ಲಿ ನನ್ನದು ಎಷ್ಟು?’ ಎಂಬುದು. ನನ್ನ ಅನುಭವದಲ್ಲಿ ಅತಿ ಹೆಚ್ಚು ಉಯಿಲುಗಳು ಎಡವುವುದು ಇಲ್ಲಿಯೇ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯ ಭಾಗವೇ ಆಗಿತ್ತು. ಎರಡು ಜಿಲ್ಲೆಗಳಾದರೂ ಮನೆತನಗಳ ಬದುಕು ಒಂದೇ ಬಗೆಯದು. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟವಿರಲಿ, ಭದ್ರಾ ನಾಲೆಯ ಗದ್ದೆಯಿರಲಿ, ಚಳ್ಳಕೆರೆಯ ಶೇಂಗಾ ಹೊಲವಿರಲಿ, ಬಹುಪಾಲು ಆಸ್ತಿ ಬಂದದ್ದು ಹಿರಿಯರಿಂದ. ಖಾತೆಯಲ್ಲಿ ತಂದೆಯೊಬ್ಬರ ಹೆಸರಿದೆ ಎಂದ ಮಾತ್ರಕ್ಕೆ ಅದೆಲ್ಲವೂ ಅವರೊಬ್ಬರ ಸ್ವತ್ತಾಗುವುದಿಲ್ಲ. ಪಹಣಿ ಕಂದಾಯದ ದಾಖಲೆ. ಅದು ಹಕ್ಕನ್ನು ಹುಟ್ಟಿಸುವುದಿಲ್ಲ.

ಒಂದು ಉದಾಹರಣೆಯಿಂದ ಹೇಳುತ್ತೇನೆ. ಅಣ್ಣತಮ್ಮಂದಿರ ವಿಭಾಗದಲ್ಲಿ ಒಬ್ಬರ ಪಾಲಿಗೆ ಎಂಟು ಎಕರೆ ಪಿತ್ರಾರ್ಜಿತ ಜಮೀನು ಬಂದಿದೆ. ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಎಂಟೂ ಎಕರೆಯನ್ನು ಮಗನಿಗೆ ಉಯಿಲು ಬರೆದು ಅವರು ತೀರಿಕೊಂಡರೆ, ಆ ಉಯಿಲು ಅವರ ಸ್ವಂತ ಪಾಲಾದ ಎರಡು ಎಕರೆಯ ಮಟ್ಟಿಗೆ ಮಾತ್ರ ನಡೆಯುತ್ತದೆ. ಉಳಿದ ಆರು ಎಕರೆಯಲ್ಲಿ ಮಗನಿಗೆ ಎರಡು, ಹೆಣ್ಣುಮಕ್ಕಳಿಗೆ ತಲಾ ಎರಡು ಎಕರೆಯ ಹಕ್ಕು ಅವರ ಹುಟ್ಟಿನಿಂದಲೇ ಬಂದದ್ದು. ಅದನ್ನು ತಂದೆಯ ಉಯಿಲು ಕಿತ್ತುಕೊಳ್ಳಲಾರದು. ಅಂದರೆ ಮಗನಿಗೆ ಒಟ್ಟು ನಾಲ್ಕು ಎಕರೆ, ಎಂಟಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಈ ಹಕ್ಕು ಕೊಡುವುದರಲ್ಲಿ ನಮ್ಮ ರಾಜ್ಯ ದೇಶಕ್ಕಿಂತ ಮುಂದಿತ್ತು ಎಂಬುದನ್ನು ಅಭಿಮಾನದಿಂದಲೇ ನೆನೆಯಬೇಕು: 1994ರಲ್ಲೇ ಕರ್ನಾಟಕದ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಆ ಸ್ಥಾನ ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನು ತೆಗೆದುಹಾಕಿತು. ಆ ದಿನಕ್ಕೆ ತಂದೆ ಬದುಕಿದ್ದಿರಲೇಬೇಕೆಂಬ ಷರತ್ತಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

‘ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ, ಅರಿಶಿನ ಕುಂಕುಮಕ್ಕೆಂದು ಹಣವನ್ನೂ ಕೊಟ್ಟಿದ್ದೇವೆ’ ಎಂಬ ಉತ್ತರ ಈ ಹಂತದಲ್ಲಿ ಬರುತ್ತದೆ. ಮಗಳು ಮನಃಪೂರ್ವಕವಾಗಿ ಹಕ್ಕು ಬಿಡುವುದಾದರೆ ಅದಕ್ಕೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಮದುವೆಯ ಖರ್ಚು ಅದಕ್ಕೆ ಬದಲಿಯಾಗದು. ನನ್ನ ಅಭಿಪ್ರಾಯ ಕೇಳಿದರೆ, ತವರಿನ ಬಾಂಧವ್ಯ ಕಡಿದುಹೋದೀತೆಂಬ ಅಂಜಿಕೆಯಿಂದ ಹಾಕಿಸಿಕೊಂಡ ಸಹಿಗಿಂತ, ತಂದೆ ಬದುಕಿರುವಾಗಲೇ ಎಲ್ಲರನ್ನೂ ಕೂರಿಸಿಕೊಂಡು ಮಾಡಿಕೊಂಡ ವಿಭಾಗ ಹೆಚ್ಚು ನ್ಯಾಯವಾದದ್ದು, ಹೆಚ್ಚು ಕಾಲ ನಿಲ್ಲುವಂಥದ್ದು.

ಇದಕ್ಕೆ ತದ್ವಿರುದ್ಧವಾದ ತಪ್ಪು ತಿಳಿವಳಿಕೆಯೂ ಇದೆ. ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತ, ಅದನ್ನು ಉಯಿಲು ಬರೆಯಲು ಬರುವುದೇ ಇಲ್ಲ ಎಂದು ಕೆಲವರು ಕೈಕಟ್ಟಿ ಕೂರುತ್ತಾರೆ. ತಂದೆ ತಾನೇ ದುಡಿದು ಕೊಂಡ ಆಸ್ತಿಯನ್ನು ಬಿಟ್ಟು 1956ರ ನಂತರ ಉಯಿಲಿಲ್ಲದೆ ತೀರಿಕೊಂಡಿದ್ದರೆ, ಅದರಲ್ಲಿ ಮಗನಿಗೆ ವಾರಸಾಗಿ ಬಂದ ಪಾಲು ಅವನ ಸ್ವಂತದ್ದೇ ಎಂದು ಸುಪ್ರೀಂ ಕೋರ್ಟ್ 1986ರ ಚಂದರ್ ಸೇನ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಪ್ರತಿಯೊಂದು ಸರ್ವೆ ನಂಬರಿನ ಎದುರಿಗೂ ಅದು ಯಾರಿಂದ, ಯಾವ ಪತ್ರದ ಮೂಲಕ, ಯಾವ ವರ್ಷ ಬಂತು ಎಂದು ಬರೆದುಕೊಳ್ಳುವುದೇ ಉಯಿಲಿನ ಮೊದಲ ಕೆಲಸ.

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಹೆಣ್ಣುಮಗಳ ಸ್ವಂತ ಆಸ್ತಿಗೆ ಉಯಿಲಿಲ್ಲದಿದ್ದರೆ ಮೊದಲ ಹಕ್ಕು ಮಕ್ಕಳು ಮತ್ತು ಗಂಡನದು. ಅವರಿಲ್ಲದಿದ್ದರೆ ಗಂಡನ ವಾರಸುದಾರರದು. ಅವಳ ಹೆತ್ತ ತಂದೆತಾಯಿಯ ಸರದಿ ಬರುವುದು ಅದಾದ ಮೇಲೆ. ತವರಿನಿಂದ ವಾರಸಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಮರಳುತ್ತದೆ. ಶಾಲಾ ಶಿಕ್ಷಕಿಯಾಗಿ ದುಡಿದು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ತಾಯಿಯನ್ನು ಜೊತೆಗಿಟ್ಟುಕೊಂಡು ಸಾಕಿದ ಮಗಳೊಬ್ಬಳು ಉಯಿಲು ಬರೆಯದೆ ತೀರಿಕೊಂಡರೆ, ಅವಳ ಸಂಬಳದಲ್ಲಿ ಕಟ್ಟಿದ ಮನೆ ಅವಳನ್ನು ತಿರುಗಿಯೂ ನೋಡದ ಮೈದುನನಿಗೆ ಹೋಗಿ, ತಾಯಿ ಬೀದಿಗೆ ಬೀಳಬಹುದು. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂದಾಗ, ಅನುಕಂಪದ ಮೇಲೆ ಕಾನೂನಿನ ಕ್ರಮವನ್ನು ಬದಲಿಸಲಾಗದೆಂದು ನ್ಯಾಯಾಲಯ ಗಂಡನ ಕಡೆಯವರ ಪರವಾಗಿಯೇ ತೀರ್ಪು ಕೊಡಬೇಕಾಯಿತು. ಎರಡು ಪುಟದ ಉಯಿಲಿದ್ದಿದ್ದರೆ ಆ ತಾಯಿಗೆ ಮಗಳ ದುಡಿಮೆ ದಕ್ಕುತ್ತಿತ್ತು. ದುಡಿಯುವ ಪ್ರತಿಯೊಬ್ಬ ಹೆಣ್ಣುಮಗಳೂ, ವಯಸ್ಸು ಎಷ್ಟೇ ಇರಲಿ, ಉಯಿಲು ಬರೆಯಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈಗ ಸಾಕ್ಷಿಗಳ ವಿಷಯ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಂ ಕೇಳುವುದು ಇಷ್ಟು: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಪ್ರತಿಯೊಬ್ಬ ಸಾಕ್ಷಿಯೂ ಅವರು ಸಹಿ ಹಾಕುವುದನ್ನು ಕಣ್ಣಾರೆ ಕಂಡಿರಬೇಕು ಅಥವಾ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು, ಮತ್ತು ಸಾಕ್ಷಿ ತನ್ನ ಸಹಿಯನ್ನು ಅವರ ಎದುರಿನಲ್ಲೇ ಹಾಕಬೇಕು. ಕಾಗದದ ಮೇಲೆ ಇದು ಸುಲಭ. ನ್ಯಾಯಾಲಯದಲ್ಲಿ ಇದು ಹೇಗೆ ಮುರಿದುಬೀಳುತ್ತದೆಂದು ನೋಡಿ. ಸಾಕ್ಷಿ ಊರಿನ ಮರ್ಯಾದಸ್ಥ ವರ್ತಕರು. ಎದುರು ಕಕ್ಷಿಯ ವಕೀಲರು ಕೇಳುತ್ತಾರೆ: ‘ತಾವು ಸಹಿ ಹಾಕಿದ್ದು ಎಲ್ಲಿ?’ ‘ನಮ್ಮ ಅಂಗಡಿಯಲ್ಲಿ.’ ‘ಪತ್ರ ತಂದವರು ಯಾರು?’ ‘ಅವರ ಹಿರಿಯ ಮಗ.’ ‘ಯಜಮಾನರು ಆಗ ಎಲ್ಲಿದ್ದರು?’ ‘ಮನೆಯಲ್ಲಿದ್ದಿರಬೇಕು. ಆದರೆ ಅವರ ಸಹಿ ನನಗೆ ಚೆನ್ನಾಗಿ ಗೊತ್ತು, ಅದು ಅವರದೇ ಸಹಿ.’ ಆ ಕೊನೆಯ ಮಾತಿನಿಂದ ಸ್ನೇಹಿತರ ಮನೆಗೆ ಉಪಕಾರ ಮಾಡಿದೆನೆಂದೇ ಅವರು ನಂಬಿರುತ್ತಾರೆ. ವಾಸ್ತವದಲ್ಲಿ ಆ ಉಯಿಲಿನ ಕಥೆ ಅಲ್ಲಿಗೆ ಮುಗಿದಿರುತ್ತದೆ. ಯಜಮಾನರು ಸಹಿ ಹಾಕುವುದನ್ನು ಈ ಸಾಕ್ಷಿ ಕಂಡಿಲ್ಲ, ಅವರ ಬಾಯಿಂದ ಕೇಳಿಲ್ಲ, ಅವರೆದುರು ತಾನು ಸಹಿ ಹಾಕಿಲ್ಲ.

ಉಯಿಲನ್ನು ರುಜುವಾತುಪಡಿಸಲು ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕರೆಸಿ ಹೇಳಿಕೆ ಪಡೆಯಲೇಬೇಕು. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಬಂದ ಆ ಒಬ್ಬ ಸಾಕ್ಷಿ ಇನ್ನೊಬ್ಬ ಸಾಕ್ಷಿಯ ಸಹಿ ಹೇಗಾಯಿತೆಂಬುದನ್ನೂ ಹೇಳಲು ಶಕ್ತನಾಗಿರಬೇಕು. ಇಬ್ಬರೂ ಸಾಕ್ಷಿಗಳು ಒಟ್ಟಿಗೇ ಇರಬೇಕೆಂದು ಕಾನೂನು ಕಡ್ಡಾಯ ಮಾಡಿಲ್ಲವಾದರೂ, ಬರೆದವರು ಮತ್ತು ಇಬ್ಬರು ಸಾಕ್ಷಿಗಳು ಒಂದೇ ಕೋಣೆಯಲ್ಲಿ, ಒಂದೇ ಸಮಯದಲ್ಲಿ ಕುಳಿತು, ಪುಟಪುಟಕ್ಕೂ ಸಹಿ ಹಾಕಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ಸಾಕ್ಷಿಗಳು ತಮಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರಾಗಿರಲಿ, ಊರಲ್ಲೇ ನೆಲೆಸಿರುವವರಾಗಿರಲಿ, ಉಯಿಲಿನಿಂದ ಏನೂ ಪಡೆಯದವರಾಗಿರಲಿ. ತಮ್ಮನ್ನು ಬಹುಕಾಲದಿಂದ ನೋಡುತ್ತಿರುವ ವೈದ್ಯರು ಒಬ್ಬ ಸಾಕ್ಷಿಯಾದರೆ ಇನ್ನೂ ಒಳ್ಳೆಯದು. ಸಹಿಯ ಜೊತೆಗೆ ತಮ್ಮ ಬುದ್ಧಿಯ ಸ್ಥಿಮಿತದ ಬಗ್ಗೆಯೂ ಅವರು ಹೇಳಬಲ್ಲರು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಸಿಕ್ಕವರನ್ನು ಕರೆತಂದು ಸಹಿ ಮಾಡಿಸಬೇಡಿ. ಹದಿನೈದು ವರ್ಷದ ನಂತರ ಸಮನ್ಸ್ ಕಳಿಸಲು ಅವರ ವಿಳಾಸವೇ ಸಿಗುವುದಿಲ್ಲ. ನೋಂದಣಿಯ ಹೊತ್ತಿನಲ್ಲಿ ಗುರುತಿಸುವವರೆಂದು ಸಹಿ ಹಾಕಿದವರೇ ಉಯಿಲಿನ ಸಾಕ್ಷಿಗಳು ಎಂದು ತಿಳಿಯುವುದೂ ತಪ್ಪು. ಆ ಎರಡು ಸಹಿಗಳ ಉದ್ದೇಶ ಬೇರೆ ಬೇರೆ.

ಉಯಿಲಿನ ಮೇಲೆ ಅನುಮಾನ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ಆಧರಿಸುವ ತೀರ್ಪು ಹುಟ್ಟಿದ್ದು ನಮ್ಮ ಮೈಸೂರು ಸೀಮೆಯ ಮೊಕದ್ದಮೆಯಿಂದ ಎಂಬುದು ಗಮನಾರ್ಹ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದ್ದು 1958ರ ನವೆಂಬರ್‌ನಲ್ಲಿ. ಸಹಿ ನಡುಗಿದ್ದರೆ, ಬರೆದವರ ಮನಸ್ಸಿನ ಸ್ಥಿತಿ ದುರ್ಬಲವಾಗಿದ್ದರೆ, ಹಂಚಿಕೆ ಅಸಹಜವಾಗಿದ್ದರೆ, ಎಲ್ಲಕ್ಕಿಂತ ಮಿಗಿಲಾಗಿ ಹೆಚ್ಚಿನ ಲಾಭ ಪಡೆಯುವವರೇ ಉಯಿಲು ಬರೆಸುವುದರಲ್ಲಿ ಮುಂದಾಗಿದ್ದರೆ, ಆ ಅನುಮಾನವನ್ನು ನಿವಾರಿಸುವ ಹೊಣೆ ಉಯಿಲನ್ನು ಹಿಡಿದು ಬಂದವರದೇ. ಹೀಗಾಗಿ ಆಸ್ತಿ ಪಡೆಯುವ ಮಗನೇ ಪತ್ರ ಬರಹಗಾರರನ್ನು ಗೊತ್ತುಮಾಡಿ, ಕಾರಿನಲ್ಲಿ ತಂದೆಯನ್ನು ಕರೆತಂದು, ಶುಲ್ಕವನ್ನೂ ತಾನೇ ಕಟ್ಟಿದರೆ, ಸೇವಾಭಾವದಿಂದ ಮಾಡಿದ ಆ ಓಡಾಟವೇ ನಾಳೆ ಅವನಿಗೆ ಮುಳುವಾಗುತ್ತದೆ. ವಕೀಲರನ್ನು ತಾವೇ ಹುಡುಕಿ, ತಾವೊಬ್ಬರೇ ಹೋಗಿ ಮಾತನಾಡಿ. ಯಾರಿಗಾದರೂ ಕಡಿಮೆ ಕೊಡುತ್ತಿದ್ದರೆ ಅಥವಾ ಏನೂ ಕೊಡದಿದ್ದರೆ, ಅವರ ಹೆಸರನ್ನು ಬರೆದು ಕಾರಣವನ್ನು ಒಂದೆರಡು ವಾಕ್ಯದಲ್ಲಿ ಸೌಮ್ಯವಾಗಿ ಹೇಳಿ: ‘ಎರಡನೆಯ ಮಗನಿಗೆ ಬೆಂಗಳೂರಿನಲ್ಲಿ ನಿವೇಶನ ಕೊಳ್ಳಲು ನಾನು ಈಗಾಗಲೇ ಹಣ ಕೊಟ್ಟಿರುವುದರಿಂದ ಈ ಮನೆಯಲ್ಲಿ ಅವನಿಗೆ ಪಾಲು ಇಟ್ಟಿಲ್ಲ’ ಎಂಬಷ್ಟು ಸಾಕು. ಹೆಸರನ್ನೇ ಬಿಟ್ಟರೆ, ಇದ್ದ ಮಗನನ್ನೇ ಮರೆತಷ್ಟು ಮತಿ ಮಂಕಾಗಿತ್ತು ಎಂಬ ವಾದಕ್ಕೆ ಎಡೆಯಾಗುತ್ತದೆ.

ಆಸ್ತಿಯ ವಿವರ ಬರೆಯುವಾಗ ‘ಹಳ್ಳದ ಹೊಲ ದೊಡ್ಡವನಿಗೆ, ಕೆರೆ ಕೆಳಗಿನ ಗದ್ದೆ ಚಿಕ್ಕವನಿಗೆ’ ಎಂಬ ಮನೆಮಾತು ಸಾಲದು. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಪಟ್ಟಣದ ಮನೆಯಾದರೆ ಖಾತೆ ನಂಬರು ಮತ್ತು ಅಳತೆ ಇರಬೇಕು. ಉಯಿಲು ಬರೆದ ನಂತರ ಪೋಡಿಯಾಗಿ, ಅಂದರೆ ಸರ್ವೆ ನಂಬರನ್ನು ಅಳೆದು ಭಾಗ ಮಾಡಿ, ಹಿಸ್ಸಾ ನಂಬರು ಬದಲಾದರೆ ಉಯಿಲನ್ನೂ ತಿದ್ದಿ ಬರೆಯಬೇಕು. ಅಲ್ಲಿ ಹೇಳದೆ ಉಳಿದ ಆಸ್ತಿ, ಮುಂದೆ ಗಳಿಸಬಹುದಾದ ಆಸ್ತಿ ಯಾರಿಗೆ ಎಂಬ ವಾಕ್ಯವನ್ನೂ ಮರೆಯಬಾರದು. ಹೆಂಡತಿಗೆ ಬರೆಯುವಾಗ ‘ಬದುಕಿರುವ ತನಕ ಅನುಭವಿಸಿಕೊಂಡು ಹೋಗತಕ್ಕದ್ದು, ನಂತರ ಮಕ್ಕಳಿಗೆ’ ಎಂದು ಬರೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಆಕೆಗೆ ಮಾರುವ, ಅಡವಿಡುವ ಹಕ್ಕಿದೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ ದಶಕಗಟ್ಟಲೆ ದಾವೆಗಳು ನಡೆದಿವೆ. ಇದೆಯೋ ಇಲ್ಲವೋ ಎಂದು ಬಿಡಿಸಿ ಬರೆಯಿರಿ. ನನ್ನ ಮನಸ್ಸಿನ ಮಾತು ಹೇಳುವುದಾದರೆ, ಜೀವನವಿಡೀ ಜೊತೆಗೆ ದುಡಿದವಳಿಗೆ ಮನೆಯನ್ನಾದರೂ ಪೂರ್ಣ ಹಕ್ಕಿನಿಂದ ಕೊಡುವುದು ಸರಿ.

ನೋಂದಣಿ ಕಡ್ಡಾಯವೇ ಎಂಬ ಪ್ರಶ್ನೆಯನ್ನು ಎಲ್ಲೆಡೆ ಕೇಳುತ್ತಾರೆ. ಕಡ್ಡಾಯವಲ್ಲ. ಮುದ್ರಾಂಕ ಶುಲ್ಕವೂ ಇಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಆದರೂ ನೋಂದಣಿ ಮಾಡಿಸಿ ಎಂದೇ ನನ್ನ ಸಲಹೆ: ಪತ್ರ ಕಳೆದುಹೋದರೆ ದೃಢೀಕೃತ ನಕಲು ಸಿಗುತ್ತದೆ, ದಿನಾಂಕದ ಬಗ್ಗೆ ತಕರಾರು ಉಳಿಯುವುದಿಲ್ಲ. ಹಾಸಿಗೆ ಹಿಡಿದವರಿದ್ದರೆ ನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ 1908ರ ನೋಂದಣಿ ಅಧಿನಿಯಮದಲ್ಲಿದೆ. ಆದರೆ ನೋಂದಣಿಯಾದ ಮಾತ್ರಕ್ಕೆ ಉಯಿಲು ರುಜುವಾತಾದಂತಲ್ಲ. ಸಾಕ್ಷಿಯನ್ನು ಆಗಲೂ ಕರೆಸಬೇಕು. ನೋಂದಣಿಯಾದ ಹಳೆಯ ಉಯಿಲಿಗಿಂತ ನೋಂದಣಿಯಾಗದ ಹೊಸ ಉಯಿಲು, ಅದು ನಿಜವಾದದ್ದೆಂದು ತೋರಿಸಿದರೆ, ಮೇಲಾಗುತ್ತದೆ.

ಉಯಿಲಿನ ಬದಲು ದಾನಪತ್ರವನ್ನೇ ಮಾಡಿಬಿಡಿ ಎಂದು ಮಕ್ಕಳು ಒತ್ತಾಯಿಸುವುದು ಈಚೆಗೆ ಹೆಚ್ಚಾಗಿದೆ. ಇಲ್ಲಿ ದಯವಿಟ್ಟು ಎಚ್ಚರ ವಹಿಸಿ. ಉಯಿಲನ್ನು ಬುದ್ಧಿ ಸ್ಥಿಮಿತದಲ್ಲಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಅಲ್ಲಿಯವರೆಗೆ ಆಸ್ತಿ ತಮ್ಮದೇ. ದಾನಪತ್ರ ನೋಂದಣಿಯಾದ ದಿನವೇ ಮನೆ ಬೇರೆಯವರದಾಗುತ್ತದೆ. ಅನಿವಾರ್ಯವಾಗಿ ದಾನಪತ್ರವನ್ನೇ ಮಾಡುವುದಾದರೆ, ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಅಧಿನಿಯಮದ 23ನೇ ಕಲಂ ಪ್ರಕಾರ, ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ದಾನಪತ್ರವನ್ನು ರದ್ದುಪಡಿಸಿಕೊಳ್ಳಬಹುದು. ಷರತ್ತಿಲ್ಲದ ಪತ್ರಕ್ಕೆ ಈ ರಕ್ಷಣೆ ಸಿಗುವುದು ಕಷ್ಟವೆಂದು ಸುಪ್ರೀಂ ಕೋರ್ಟಿನ 2022ರ ತೀರ್ಪಿನಿಂದ ತಿಳಿಯುತ್ತದೆ. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿದೆಯಾದರೂ, ಅದನ್ನು ನಂಬಿ ಷರತ್ತು ಬಿಡುವುದು ಜಾಣತನವಲ್ಲ.

ಬ್ಯಾಂಕಿನ ನಾಮಿನಿಯ ಬಗ್ಗೆ: ನಾಮಿನಿ ಹಣವನ್ನು ಪಡೆದು ನಿಜವಾದ ವಾರಸುದಾರರಿಗೆ ತಲುಪಿಸಬೇಕಾದವರು, ಒಡೆಯರಲ್ಲ. ಷೇರುಗಳಿಗೂ ಇದೇ ನಿಯಮವೆಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆತಾಯಿ ನಾಮಿನಿಯಾಗಿದ್ದರೆ ಅವರಿಗೆ ಹಣದ ಮೇಲೆ ಹಕ್ಕು ಬರುತ್ತದೆ. ಉಯಿಲಿನಲ್ಲಿ ಒಬ್ಬರ ಹೆಸರು, ಠೇವಣಿಯಲ್ಲಿ ಇನ್ನೊಬ್ಬರ ಹೆಸರು ಇರದಂತೆ ಎರಡನ್ನೂ ಹೊಂದಿಸಿಕೊಳ್ಳಿ.

ಸಭೆಯಲ್ಲಿರುವ ಮುಸ್ಲಿಂ ಬಾಂಧವರಿಗೆ ಹೇಳಬೇಕಾದದ್ದು, ತಮ್ಮ ವೈಯಕ್ತಿಕ ಕಾನೂನಿನಲ್ಲಿ ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲ ಕಳೆದು ಉಳಿದದ್ದರ ಮೂರನೇ ಒಂದು ಭಾಗಕ್ಕೆ ಮಾತ್ರ ಉಯಿಲು ಸಲ್ಲುತ್ತದೆ. ಅದಕ್ಕಿಂತ ಹೆಚ್ಚು ಕೊಡಲು ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತ ಬಾಂಧವರಲ್ಲಿ ಉಯಿಲು ಬರೆದ ಮೇಲೆ ಮದುವೆಯಾದರೆ ಹಳೆಯ ಉಯಿಲು ತಾನಾಗಿ ರದ್ದಾಗುತ್ತದೆ. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಹೆಂಡತಿಗೆ ಕೊಟ್ಟದ್ದೂ ನಿಲ್ಲುವುದಿಲ್ಲ.

ಕೊನೆಯದಾಗಿ, ಬರೆದ ಉಯಿಲನ್ನು ಏನು ಮಾಡಬೇಕೆಂಬುದು. ಅದನ್ನು ಜಾರಿಗೊಳಿಸುವ ಹೊಣೆಯನ್ನು ನಂಬಿಕಸ್ಥರೊಬ್ಬರಿಗೆ ಉಯಿಲಿನಲ್ಲೇ ವಹಿಸಿ, ಮೂಲಪತ್ರ ಎಲ್ಲಿದೆ ಎಂಬುದನ್ನು ಅವರಿಗೆ ತಿಳಿಸಿರಬೇಕು. ತೀರಿಕೊಂಡ ಮೇಲೆ ಕುಟುಂಬದವರು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಡನೆ ಉಯಿಲನ್ನು ಲಗತ್ತಿಸಿ ಖಾತೆ ಬದಲಾವಣೆಗೆ ಅರ್ಜಿ ಕೊಡುತ್ತಾರೆ. ಹಿಂದೂಗಳ ಉಯಿಲಿಗೆ ನಮ್ಮ ಜಿಲ್ಲೆಗಳಲ್ಲಿ ಪ್ರೊಬೇಟ್ (ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ) ಕಡ್ಡಾಯವಿಲ್ಲದ ಕಾರಣ, ಯಾರೂ ಆಕ್ಷೇಪಿಸದಿದ್ದರೆ ಕೆಲಸ ಕಂದಾಯ ಇಲಾಖೆಯಲ್ಲೇ ಮುಗಿಯುತ್ತದೆ. ಒಬ್ಬರು ತಕರಾರು ತೆಗೆದರೂ, ಉಯಿಲು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರ ತಹಶೀಲ್ದಾರರಿಗಿಲ್ಲ. ಕಡತ ಸಿವಿಲ್ ನ್ಯಾಯಾಲಯದ ಕಡೆ ತಿರುಗುತ್ತದೆ, ಅಲ್ಲಿ ಮೊದಲು ಹುಡುಕುವುದು ಸಾಕ್ಷಿಗಳನ್ನು. ಆದ್ದರಿಂದ ಸಾಕ್ಷಿಗಳ ಪೂರ್ಣ ವಿಳಾಸ, ಫೋನ್ ನಂಬರು ಬರೆದ ಹಾಳೆಯೊಂದನ್ನು ಉಯಿಲಿನ ಜೊತೆಗಿಡಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಅದನ್ನು ತೆಗೆದು ನೋಡಿ. ಇಬ್ಬರೂ ಸಾಕ್ಷಿಗಳು ತೀರಿಕೊಂಡರೆ ಅವರ ಕೈಬರಹ ಗುರುತಿಸಿ ಉಯಿಲನ್ನು ರುಜುವಾತುಪಡಿಸುವ ದಾರಿ ಕಾನೂನಿನಲ್ಲಿದೆ, ಆದರೆ ಅದು ಬಲು ಕಷ್ಟದ ದಾರಿ. ಅವರಲ್ಲಿ ಒಬ್ಬರು ಹೋದರೆಂದು ತಿಳಿದಾಗಲೇ ಹೊಸ ಸಾಕ್ಷಿಗಳೊಡನೆ ಹೊಸ ಉಯಿಲು ಬರೆದು, ಹಿಂದಿನದನ್ನು ರದ್ದುಪಡಿಸಿದ್ದೇನೆಂದು ಅದರಲ್ಲೇ ದಿನಾಂಕ ಸಹಿತ ಹೇಳಿಬಿಡಿ.